ಹಾಸನದಲ್ಲಿ ಕೂತು ಬೆಳಗುವ ಮೀನುಗಳನ್ನು ಬಿಚ್ಚಿ ನೋಡಿದ್ದು

ಹವಳದ ದಿಬ್ಬದ ಬೆಳಗುವ ಮೀನುಗಳನ್ನು ವಿಂಗಡಿಸಲು ಕೂತವರು ಸಾಮಾನ್ಯವಾಗಿ ಬೆಳಕಿನಿಂದಲೇ ಶುರು ಮಾಡುತ್ತಾರೆ. ನಾನು ನಮ್ಮ ಹುಡುಗರಿಗೆ ಹೇಳೋದು, ಬೆಳಕನ್ನು ಕೊನೆಗೆ ಇಟ್ಟುಕೊಳ್ಳಿ ಅಂತ. ಮೊದಲು ರೆಕ್ಕೆ ನೋಡಿ, ಮುಳ್ಳು ಎಣಿಸಿ, ಬಾಯಿ ತೆರೆಯಿರಿ, ಹುರುಪೆ ನೋಡಿ. ಮೀನು ಯಾವ ಕುಟುಂಬದ್ದು ಅಂತ ಗೊತ್ತಾದ ಮೇಲೆ ಬೆಳಕಿನ ಅಂಗಕ್ಕೆ ಬನ್ನಿ. ಅಲ್ಲೂ ಎಷ್ಟು ಬೆಳಗುತ್ತದೆ ಅನ್ನೋದು ಮುಖ್ಯವಲ್ಲ, ಆ ಅಂಗ ಯಾವುದಕ್ಕೆ ಅಂಟಿಕೊಂಡಿದೆ, ಅದರ ಬಾಯಿ ಎಲ್ಲಿಗೆ ತೆರೆಯುತ್ತದೆ, ಬೆಳಕು ಯಾವ ದಾರಿಯಲ್ಲಿ ಹೊರಗೆ ಬರುತ್ತದೆ, ಅದನ್ನು ಮುಚ್ಚೋದು ಯಾವುದು, ಇಷ್ಟು ಮುಖ್ಯ. ಈ ಕ್ರಮ ನನಗೆ ಪುಸ್ತಕಕ್ಕಿಂತ ಜಾಸ್ತಿ ಕತ್ತರಿ ಚಿಮಟ ಹಿಡಿದು ಬಂದದ್ದು. ಅದು ಹೇಗೆ ಅಂತ ಬರೆಯುತ್ತಿದ್ದೇನೆ.

ನಾನು ಹಾಸನದಲ್ಲಿ ಡಿಗ್ರಿ ಹುಡುಗರಿಗೆ ಪ್ರಾಣಿಶಾಸ್ತ್ರ ಪಾಠ ಮಾಡುತ್ತೇನೆ. ಹವಳದ ದಿಬ್ಬ ಇಲ್ಲಿಂದ ಬಹಳ ದೂರ. ಆದರೆ ಮಂಗಳೂರಿನ ಮೀನು ಐಸ್ ಬಾಕ್ಸಿನಲ್ಲಿ ಶಿರಾಡಿ ಘಾಟಿ ಹತ್ತಿ ಸಕಲೇಶಪುರ ದಾಟಿ ನಮ್ಮೂರಿಗೆ ಬರುತ್ತದೆ. ಬಂಗುಡೆ, ಬೂತಾಯಿ ಕೊಳ್ಳೋಕೆ ಜನ ನಿಂತಿರುತ್ತಾರೆ. ಬಾಕ್ಸಿನ ತಳದಲ್ಲಿ, ಐಸಿನ ನಡುವೆ, ಬೆರಳುದ್ದದ ಚಪ್ಪಟೆ ಬೆಳ್ಳಿ ಬಣ್ಣದ ಸಣ್ಣ ಮೀನುಗಳು ಸಿಕ್ಕಿಹಾಕಿಕೊಂಡಿರುತ್ತವೆ. ಟ್ರಾಲ್ ಬಲೆಗೆ ಬೇರೆ ಮೀನಿನ ಜೊತೆ ಬಿದ್ದವು. ಇಂಗ್ಲಿಷ್ ಪುಸ್ತಕಗಳಲ್ಲಿ ಇವು ಪೋನಿಫಿಶ್, ಕುಟುಂಬದ ಹೆಸರು ಲಿಯೋಗ್ನಾಥಿಡೆ. ಕರಾವಳಿಯಲ್ಲಿ ಇವನ್ನು ಒಣಗಿಸಿ ಮಾರುತ್ತಾರೆ, ಉಳಿದದ್ದು ಮೀನಿನ ಹಿಟ್ಟಿಗೆ ಹೋಗುತ್ತದೆ. ನಾನು ಕೇಳಿದಾಗ ಅಂಗಡಿಯವರು "ಇದು ತಿನ್ನೋಕಾಗಲ್ಲ ಮೇಡಂ, ಬರೀ ಮುಳ್ಳು, ಬಂಗುಡೆ ಒಳ್ಳೇದಿದೆ, ತಗೊಳ್ಳಿ" ಅಂದರು. "ತಿನ್ನೋಕಲ್ಲಣ್ಣ, ಕಾಲೇಜಿಗೆ" ಅಂದೆ. ಆವತ್ತಿನಿಂದ ಅವರೇ ಆರಿಸಿ ಒಂದು ಕವರಿನಲ್ಲಿ ಎತ್ತಿಡುತ್ತಾರೆ. ನಾನು ಕೇಳಿಕೊಂಡದ್ದು ಎರಡೇ ವಿಷಯ. ಹೊಟ್ಟೆ ಸೀಳಬೇಡಿ, ನಲ್ಲಿ ನೀರಿನಲ್ಲಿ ತೊಳೆಯಬೇಡಿ.

ಪೋನಿಫಿಶ್ ಹವಳದ ದಿಬ್ಬದ ಮೀನಲ್ಲ, ಮರಳು ಕೆಸರಿನ ತಳದ ಮೇಲೆ ಗುಂಪಾಗಿ ಓಡಾಡುವ ಮೀನು. ಆದರೂ ದಿಬ್ಬದ ಬೆಳಗುವ ಮೀನುಗಳನ್ನು ಅರ್ಥ ಮಾಡಿಕೊಳ್ಳೋಕೆ ಇದಕ್ಕಿಂತ ಒಳ್ಳೆಯ ಮೆಟ್ಟಿಲು ನನಗೆ ಕಂಡಿಲ್ಲ. ಹವಳದ ನಡುವೆ ಇರುವ ಸಿಫಾಮಿಯ ಅನ್ನೋ ಪುಟ್ಟ ಮೀನಿನ ಅಂಗದ ಚಿತ್ರವನ್ನು ಪುಸ್ತಕದಲ್ಲಿ ಎಷ್ಟು ಸಲ ನೋಡಿದರೂ ತಲೆಗೆ ಹತ್ತದ್ದು, ಒಂದು ಪೋನಿಫಿಶ್ ಬಿಚ್ಚಿದ ಮೇಲೆ ತಾನಾಗಿ ಅರ್ಥವಾಗುತ್ತದೆ.

ಮೊದಲು ಹೊರಗಿನಿಂದ. ಮೈ ಮೇಲೆ ಲೋಳೆ ಜಾಸ್ತಿ, ಹುರುಪೆ ತೀರಾ ಸಣ್ಣದು. ಬೆನ್ನಿನ ರೆಕ್ಕೆ ಒಂದೇ ಉದ್ದಕ್ಕೆ, ಅದರಲ್ಲಿ ಸಾಮಾನ್ಯವಾಗಿ 8 ಮುಳ್ಳು, ಗುದದ ರೆಕ್ಕೆಯಲ್ಲಿ 3. ಈಗ ಚಿಮಟದಿಂದ ಮೇಲ್ದವಡೆ ಹಿಡಿದು ಮೆಲ್ಲಗೆ ಎಳೆಯಿರಿ. ಬಾಯಿ ಕೊಳವೆಯಾಗಿ ಹೊರಗೆ ಬರುತ್ತದೆ. ಹುಡುಗರು ಪ್ರತಿ ವರ್ಷ ಇಲ್ಲಿ "ಅಯ್ಯೋ" ಅನ್ನುತ್ತಾರೆ. ಆ ಕೊಳವೆ ಮೇಲ್ಮುಖವಾಗಿ ಚಾಚಿದರೆ ಅದು ಹಳೆಯ ಪುಸ್ತಕಗಳು ಸೆಕ್ಯೂಟರ್ ಅನ್ನುವ ಗುಂಪು. ಕೆಳಕ್ಕೋ ಮುಂದಕ್ಕೋ ಚಾಚಿದರೆ ಲಿಯೋಗ್ನಾಥಸ್ ಮತ್ತು ಅದರಿಂದ ಈಗ ಬೇರೆ ಮಾಡಿರುವ ಈಕ್ವುಲೈಟಿಸ್ ಮುಂತಾದ ಕುಲಗಳು. ದವಡೆಯಲ್ಲಿ ಕೋರೆಯಂಥ ಹಲ್ಲು ಬೆರಳಿಗೆ ಚುಚ್ಚಿದರೆ ಗಾಜಾ. ಬರೀ ಬಾಯಿ ನೋಡಿ ಇಷ್ಟು ದೂರ ಬರಬಹುದು. ಬಹಳ ಕಾಲ ಈ ಕುಟುಂಬಕ್ಕೆ ಸೆಕ್ಯೂಟರ್, ಲಿಯೋಗ್ನಾಥಸ್, ಗಾಜಾ ಈ ಮೂರೇ ಕುಲ ಇದ್ದವು. 2005 ರಲ್ಲಿ ಸ್ಪಾರ್ಕ್ಸ್, ಡನ್‌ಲ್ಯಾಪ್ ಮತ್ತು ಸ್ಮಿತ್ ಇದೇ ಕುಟುಂಬದ ಬೆಳಕಿನ ವ್ಯವಸ್ಥೆ ಗಂಡು ಹೆಣ್ಣಿನಲ್ಲಿ ಹೇಗೆ ಬೇರೆ ಅಂತ ಕೂಲಂಕಷವಾಗಿ ನೋಡಿ ಹೊಸ ಕುಲಗಳನ್ನು ಗುರುತಿಸಿದರು. ಅಂದರೆ ಕುಟುಂಬದ ಒಳಗೆ ಬೆಳಕಿನ ಅಂಗ ಬಹಳ ಒಳ್ಳೆಯ ಸಾಕ್ಷಿ. ಕುಟುಂಬದ ಹೊರಗೆ ಅದು ದಾರಿ ತಪ್ಪಿಸುತ್ತದೆ, ಅದಕ್ಕೆ ಆಮೇಲೆ ಬರುತ್ತೇನೆ.

ಈಗ ಒಳಗೆ. ಮೀನನ್ನು ಮೇಣದ ತಟ್ಟೆಯಲ್ಲಿ ಮಗ್ಗುಲಾಗಿ ಮಲಗಿಸಿ, ಗುದದ ಹತ್ತಿರ ಸಣ್ಣ ಕತ್ತರಿಯ ತುದಿ ತೂರಿಸಿ, ಹೊಟ್ಟೆಯ ಅಂಚಿನಲ್ಲೇ ಗಂಟಲಿನವರೆಗೆ ಕತ್ತರಿಸಿ. ಕತ್ತರಿಯ ತುದಿ ಯಾವಾಗಲೂ ಮೇಲಕ್ಕೆ ಎತ್ತಿರಲಿ, ಇಲ್ಲದಿದ್ದರೆ ಒಳಗಿನದು ಹರಿದುಹೋಗುತ್ತದೆ. ಮೇಲಿನ ಪಕ್ಕೆಯ ಗೋಡೆ ಮತ್ತು ಕಿವಿರು ಮುಚ್ಚಳ ತೆಗೆಯಿರಿ. ಪಿತ್ತಕೋಶ ಒಡೆಯದ ಹಾಗೆ ಯಕೃತ್ತನ್ನು ಪಕ್ಕಕ್ಕೆ ಸರಿಸಿದರೆ ಅನ್ನನಾಳ ಜಠರಕ್ಕೆ ಸೇರುವ ಜಾಗ ಕಾಣುತ್ತದೆ. ಅಲ್ಲೇ, ಅನ್ನನಾಳದ ಸುತ್ತ ಬಳೆ ತೊಡಿಸಿದ ಹಾಗೆ, ಬೆಳಕಿನ ಅಂಗ. ಹೆಣ್ಣಿನಲ್ಲಿ ಇದು ತೆಳ್ಳಗೆ, ಎಷ್ಟೋ ಪ್ರಭೇದಗಳಲ್ಲಿ ಗಂಡಿನದು ಎದ್ದು ಕಾಣುವಷ್ಟು ದೊಡ್ಡದು. ಒಳಗೆಲ್ಲ ಸಣ್ಣ ಸಣ್ಣ ನಾಳಗಳು, ನಾಳದ ತುಂಬ ಬ್ಯಾಕ್ಟೀರಿಯ. ಆ ನಾಳಗಳು ಕೊನೆಗೆ ಅನ್ನನಾಳಕ್ಕೇ ತೆರೆಯುತ್ತವೆ. ಬೆಳಕು ಮೀನಿನದಲ್ಲ, ಬಾಡಿಗೆಗೆ ಇರುವ ಬ್ಯಾಕ್ಟೀರಿಯದ್ದು. ಮೀನು ಕೊಡೋದು ಮನೆ, ಊಟ, ಆಮ್ಲಜನಕ.

ನನಗೆ ಅತಿ ಇಷ್ಟವಾದ ಭಾಗ ಇದರ ಹಿಂದಿನದು. ಅಂಗದ ಹಿಂದೆ ಗಾಳಿಚೀಲ ಇದೆ. ಅದರ ಒಳಗೋಡೆಗೆ ಬೆಳ್ಳಿಯಂಥ ಹೊಳಪು, ಗ್ವಾನೀನ್ ಹರಳುಗಳಿಂದ ಬಂದದ್ದು. ಆದರೆ ಬೆಳಕಿನ ಅಂಗ ತಾಗುವ ಮುಂಭಾಗದಲ್ಲಿ ಮಾತ್ರ ಆ ಹೊಳಪು ಇಲ್ಲ, ಅಲ್ಲಿ ಪಾರದರ್ಶಕ. ಬೆಳಕು ಆ ಕಿಟಕಿಯಿಂದ ಗಾಳಿಚೀಲದೊಳಗೆ ಹೋಗಿ, ಗೋಡೆಗೆ ಬಡಿದು ಹರಡಿ, ಹೊಟ್ಟೆ ಭಾಗದ ಅರೆಪಾರದರ್ಶಕ ಮಾಂಸದ ಮೂಲಕ ಸೋಸಿ ಕೆಳಗೆ ಬರುತ್ತದೆ. ಕೆಳಗಿನಿಂದ ನೋಡುವ ಬೇಟೆಗಾರ ಮೀನಿಗೆ ಇದರ ನೆರಳು ಕಾಣಬಾರದು, ಮೇಲಿನ ನೀರಿನ ಮಂದ ಬೆಳಕಿನ ಜೊತೆ ಬೆರೆತುಹೋಗಬೇಕು, ಅದಕ್ಕೆ ಇಷ್ಟೆಲ್ಲ. ಕೆಲವು ಪ್ರಭೇದಗಳ ಗಂಡುಗಳಿಗೆ ಪಕ್ಕೆಯಲ್ಲಿ ಬೇರೆಯೇ ಪಾರದರ್ಶಕ ಪಟ್ಟೆ ಇರುತ್ತದೆ, ಅಲ್ಲಿಂದ ಅವು ಮಿನುಗಿಸುತ್ತವೆ. ತೇಲೋದಕ್ಕೆ ಇದ್ದ ಅಂಗವೊಂದು ಕನ್ನಡಿಯಾಗಿರೋದನ್ನು ಕಣ್ಣಾರೆ ನೋಡಿದಾಗ ಆಗುವ ಖುಷಿ ಸ್ಲೈಡ್ ತೋರಿಸಿ ಪಾಠ ಮಾಡಿದರೆ ಬರಲ್ಲ.

ಬೆಳಕು ನೋಡಬೇಕಲ್ಲ. ನಮ್ಮ ಲ್ಯಾಬಿನ ಪಕ್ಕದ ಸ್ಟೋರ್ ರೂಮಿನ ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ, ಎಲ್ಲರ ಮೊಬೈಲು ಹೊರಗೆ ಇಡಿಸಿ, ಕತ್ತಲಲ್ಲಿ ಸುಮ್ನೆ ಕೂರುತ್ತೇವೆ. ಕಣ್ಣು ಹೊಂದಿಕೊಳ್ಳೋಕೆ ಹತ್ತು ಹದಿನೈದು ನಿಮಿಷ ಬೇಕು, ಅವಸರ ಮಾಡಿದರೆ ಏನೂ ಕಾಣಲ್ಲ. ಮೀನು ತಾಜಾ ಇದ್ದರೆ ಕತ್ತರಿಸಿ ತೆಗೆದ ಅಂಗ ನೀಲಿ ಹಸಿರಾಗಿ ಬೆಳಗುತ್ತದೆ. ಐಸಿನಲ್ಲಿ ಬಂದ ಎಲ್ಲ ಮೀನೂ ಬೆಳಗುವುದಿಲ್ಲ, ಒಂದು ಬೆಳಗಿದರೆ ಪಕ್ಕದ್ದು ಸುಮ್ಮನಿರುತ್ತದೆ. ಅಂಗವನ್ನು ಗಾಜಿನ ಎರಡು ಸ್ಲೈಡ್ ನಡುವೆ ಒತ್ತಿದರೆ ಸ್ವಲ್ಪ ಹೊತ್ತಿಗೆ ನಡುಭಾಗ ಮಂಕಾಗಿ ಅಂಚು ಮಾತ್ರ ಉಳಿಯುತ್ತದೆ, ಯಾಕೆಂದರೆ ಗಾಳಿ ಸಿಗೋದು ಅಂಚಿಗೆ. ಉಪ್ಪುನೀರಿನ ಟ್ಯೂಬಿನಲ್ಲಿ ಅಂಗ ಹಿಸುಕಿ ಹಾಕಿ ಬಿಟ್ಟರೆ ಬೆಳಕು ಇಳಿಯುತ್ತದೆ, ಕುಲುಕಿದರೆ ಮತ್ತೆ ಬರುತ್ತದೆ. ಆಮ್ಲಜನಕ ಇಲ್ಲದೆ ಈ ಬೆಳಕಿಲ್ಲ ಅನ್ನೋದನ್ನು ಇದಕ್ಕಿಂತ ಚೆನ್ನಾಗಿ ತೋರಿಸೋಕೆ ನನಗೆ ಬರಲ್ಲ.

ಉಪ್ಪುನೀರು ಅಂದೆ, ಅದು ಮುಖ್ಯ. ಒಂದು ಲೀಟರಿಗೆ 30 ಗ್ರಾಂ ಕಲ್ಲುಪ್ಪು. ಬರೀ ನಲ್ಲಿ ನೀರು ಹಾಕಿದರೆ ಈ ಬ್ಯಾಕ್ಟೀರಿಯ ನೀರು ಕುಡಿದು ಒಡೆದುಹೋಗುತ್ತವೆ, ಬೆಳಕು ಆರಿಹೋಗುತ್ತದೆ. ಅದಕ್ಕೇ ತೊಳೆಯಬೇಡಿ ಅಂತ ಅಂಗಡಿಯಲ್ಲಿ ಹೇಳೋದು. ಅಂಗದ ಒಂದು ತುಣುಕನ್ನು 3 ಪರ್ಸೆಂಟ್ ಉಪ್ಪು ಹಾಕಿದ, ಬ್ಯಾಕ್ಟೀರಿಯ ಬೆಳೆಸುವ ಪೆಪ್ಟೋನ್ ಅಗರ್ ಮೇಲೆ ಎಳೆದು ಹೊರಗೇ ಬಿಟ್ಟರೆ ನಮ್ಮೂರಿನ ಹವೆಗೆ ಸಾಮಾನ್ಯವಾಗಿ ಮಾರನೇ ದಿನಕ್ಕೆ ಬೆಳಗುವ ಚುಕ್ಕೆಗಳು ಏಳುತ್ತವೆ. ಪೋನಿಫಿಶ್‌ನಲ್ಲಿ ಇರೋದು ಹೆಚ್ಚಾಗಿ ಫೋಟೋಬ್ಯಾಕ್ಟೀರಿಯಂ ಲಿಯೋಗ್ನಾಥಿ. 1967 ರಲ್ಲಿ ಈ ಮೀನಿನ ಅಂಗದಿಂದಲೇ ತೆಗೆದು ವರ್ಣಿಸಿದ್ದು.

ಇಲ್ಲಿಗೆ ಬಂದ ಮೇಲೆ ನಿಜವಾದ ದಿಬ್ಬದ ಮೀನಿಗೆ, ಸಿಫಾಮಿಯಕ್ಕೆ, ಹೋಗುತ್ತೇನೆ. ಇದು ಅಪೊಗೊನಿಡೆ ಕುಟುಂಬ, ಕಾರ್ಡಿನಲ್ ಮೀನುಗಳು. ಮಾಕ್ಸ್ ವೆಬರ್ 1909 ರಲ್ಲಿ ಈ ಕುಲವನ್ನು ಹೆಸರಿಸಿದರು, ಸಿಬೋಗ ಹಡಗಿನ ಸಮುದ್ರಯಾನದಲ್ಲಿ ಈಗಿನ ಇಂಡೋನೇಷ್ಯಾದ ನೀರಿನಿಂದ ಬಂದ ಮೀನುಗಳಿಂದ. 2012 ರಲ್ಲಿ ಗೋನ್ ಮತ್ತು ಅಲೆನ್ ಇಡೀ ಕುಲವನ್ನು ಮತ್ತೆ ಪರಿಶೀಲಿಸಿ 23 ಪ್ರಭೇದ ಅಂತ ತೀರ್ಮಾನಿಸಿದರು. ಹೆಚ್ಚು ಓದಿರುವ ಪ್ರಭೇದ ಸಿಫಾಮಿಯ ಟ್ಯೂಬಿಫರ್. ಹಗಲೆಲ್ಲ ಉದ್ದ ಕಪ್ಪು ಮುಳ್ಳಿನ ಸೀ ಅರ್ಚಿನ್‌ಗಳ ಮುಳ್ಳಿನ ನಡುವೆ ಗುಂಪಾಗಿ ಅಡಗಿರುತ್ತದೆ, ರಾತ್ರಿ ಹೊರಬಂದು ಸಣ್ಣ ಪ್ರಾಣಿಗಳನ್ನು ಹಿಡಿದು ತಿನ್ನುತ್ತದೆ. ಮೊಟ್ಟೆ ಕಾಯೋದು ಗಂಡು, ಅದೂ ಬಾಯೊಳಗೆ.

ಸಿಫಾಮಿಯ ನನ್ನ ತಟ್ಟೆಗೆ ಬಂದಿಲ್ಲ, ಆದರೆ ಅದರ ನೆಂಟರು ಬಂದಿದ್ದಾರೆ. ಟ್ರಾಲ್ ಮೀನಿನ ರಾಶಿಯಲ್ಲಿ ಆಗಾಗ ಕಾರ್ಡಿನಲ್ ಮೀನು ಸಿಗುತ್ತದೆ. ಗುರುತು ಸುಲಭ. ಬೆನ್ನಿನ ರೆಕ್ಕೆ ಎರಡು, ನಡುವೆ ಚೊಕ್ಕ ಅಂತರ. ಗುದದ ರೆಕ್ಕೆಯಲ್ಲಿ 2 ಮುಳ್ಳು. ಕಣ್ಣು ದೊಡ್ಡದು, ಬಾಯಿ ಓರೆ. ಒಮ್ಮೆ ಒಂದರ ಬಾಯಿ ತೆರೆಸಿದಾಗ ಒಳಗೆಲ್ಲ ಮೊಟ್ಟೆ, ಒಂದಕ್ಕೊಂದು ಎಳೆಯಲ್ಲಿ ಅಂಟಿಕೊಂಡ ಒಂದು ಮುದ್ದೆ. ನಾಲಿಗೆ ಕಾಣದಷ್ಟು ತುಂಬಿತ್ತು. ಬಲೆಗೆ ಸಿಕ್ಕಿ, ಐಸಿನಲ್ಲಿ ಘಟ್ಟ ಹತ್ತಿ ಬಂದರೂ ಉಗುಳಿರಲಿಲ್ಲ. ಹುಡುಗಿಯೊಬ್ಬಳು "ಇದು ಅಪ್ಪನಾ ಮೇಡಂ?" ಅಂತ ಕೇಳಿ ಬಹಳ ಹೊತ್ತು ಭೂತಗನ್ನಡಿ ಹಿಡಿದು ಕೂತಳು. ಅಂಥ ಗಂಡನ್ನು ಕತ್ತರಿಸದೆ ಇಡಿಯಾಗಿ ಫಾರ್ಮಲಿನ್‌ಗೆ ಹಾಕುತ್ತೇವೆ.

ಸಿಫಾಮಿಯದ ಅಂಗ ಹೊಟ್ಟೆಯ ಕೆಳಭಾಗದಲ್ಲಿ, ತಟ್ಟೆಯಾಕಾರ. ಒಂದು ಸಣ್ಣ ನಾಳದಿಂದ ಕರುಳಿಗೆ ಸೇರಿಕೊಂಡಿದೆ. ಅಂಗದ ಮೇಲ್ಭಾಗದಲ್ಲಿ ಬೆಳಕು ಹಿಂದಿರುಗಿಸುವ ಪದರ, ಕೆಳಭಾಗದಲ್ಲಿ ಪಾರದರ್ಶಕ ಮಸೂರ. ಅದರ ಕೆಳಗೆ ಹೊಟ್ಟೆಯ ಉದ್ದಕ್ಕೂ ಅರೆಪಾರದರ್ಶಕ ಮಾಂಸ, ಬೆಳಕನ್ನು ಸಮನಾಗಿ ಹರಡೋಕೆ. ಈಗ ಪೋನಿಫಿಶ್ ನೆನಪು ಮಾಡಿಕೊಳ್ಳಿ. ಅಲ್ಲಿ ಅನ್ನನಾಳದ ಸುತ್ತ ಉಂಗುರ, ಕನ್ನಡಿಯ ಕೆಲಸ ಗಾಳಿಚೀಲದ್ದು. ಇಲ್ಲಿ ಕರುಳಿನಿಂದ ಕವಲೊಡೆದ ಚೀಲ, ಕನ್ನಡಿ ಅಂಗದ ಮೇಲೇ ಇದೆ, ಜೊತೆಗೆ ಮಸೂರ. ಕೆಲಸ ಒಂದೇ, ಕಟ್ಟಿದ ರೀತಿ ಬೇರೆ. ಎರಡೂ ಜೀರ್ಣನಾಳಕ್ಕೇ ತೆರೆದುಕೊಂಡಿವೆ ನಿಜ, ಆದರೆ ನಾಳದ ಬೇರೆ ಬೇರೆ ಜಾಗದಲ್ಲಿ. ಇದನ್ನು ನಾನು ಬೋರ್ಡಿನ ಮೇಲೆ ಎರಡು ಬಣ್ಣದ ಚಾಕ್‌ನಲ್ಲಿ ಪಕ್ಕಪಕ್ಕದಲ್ಲಿ ಬರೆಯುತ್ತೇನೆ, ಹುಡುಗರಿಗೆ ತಕ್ಷಣ ಹಿಡಿಯುತ್ತದೆ.

ಸಿಫಾಮಿಯದ ಅಂಗದಲ್ಲಿರುವ ಬ್ಯಾಕ್ಟೀರಿಯ ಫೋಟೋಬ್ಯಾಕ್ಟೀರಿಯಂ ಮಂಡಪಮೆನ್ಸಿಸ್. ನಮ್ಮ ತಮಿಳುನಾಡಿನ ಮಂಡಪಂ ಊರಿನ ಹೆಸರನ್ನೇ ಹೊತ್ತದ್ದು. ಮರಿಗಳು ಅಪ್ಪನ ಬಾಯಿಯಿಂದ ಹೊರಬರುವಾಗ ಅಂಗ ಖಾಲಿ. ಬ್ಯಾಕ್ಟೀರಿಯ ಆಮೇಲೆ ಸಮುದ್ರದ ನೀರಿನಿಂದಲೇ ಸೇರಿಕೊಳ್ಳಬೇಕು. ಸುತ್ತ ಸಾವಿರಾರು ಬಗೆ ಬ್ಯಾಕ್ಟೀರಿಯ ಇರುವ ನೀರಿನಲ್ಲಿ ಆ ಪುಟ್ಟ ಮೀನು ಇದೊಂದನ್ನೇ ಒಳಗೆ ಬಿಟ್ಟುಕೊಳ್ಳುತ್ತದೆ, ಅಲ್ವಾ, ಎಂಥ ವಿಷಯ!

ಇದೇ ಮಂಡಪಮೆನ್ಸಿಸ್ ಪೋನಿಫಿಶ್‌ಗಳಲ್ಲೂ ಸಿಕ್ಕಿದೆ. ನನ್ನ ವಾದಕ್ಕೆ ದೊಡ್ಡ ಆಧಾರ ಇದು. ಎರಡು ಮೀನುಗಳೊಳಗೆ ಒಂದೇ ಬ್ಯಾಕ್ಟೀರಿಯ, ಒಂದೇ ಬೆಳಕು. ಬೆಳಕು ನೋಡಿ ವಿಂಗಡಿಸಿದರೆ ಇವೆರಡನ್ನೂ ಒಂದೇ ಕಡೆ ಇಡಬೇಕಾಗುತ್ತದೆ. ಬೆನ್ನಿನ ರೆಕ್ಕೆ, ಗುದದ ಮುಳ್ಳು, ಬಾಯಿ ನೋಡಿದವರು ಯಾರೂ ಹಾಗೆ ಮಾಡಲ್ಲ. 2016 ರಲ್ಲಿ ಡೇವಿಸ್, ಸ್ಪಾರ್ಕ್ಸ್ ಮತ್ತು ಸ್ಮಿತ್ ವಂಶವೃಕ್ಷ ಕಟ್ಟಿ ನೋಡಿ, ಸಮುದ್ರದ ಕಡ್ಡಿರೆಕ್ಕೆಯ ಮೀನುಗಳಲ್ಲಿ ಬೆಳಕು ಕನಿಷ್ಠ 27 ಸಲ ಬೇರೆ ಬೇರೆಯಾಗಿ ಹುಟ್ಟಿದೆ ಅಂತ ಹೇಳಿದರು.

ಕಾರ್ಡಿನಲ್ ಮೀನುಗಳ ಒಂದೇ ಕುಟುಂಬದೊಳಗೇ ಇದು ಕಾಣುತ್ತದೆ. ಸಿಫಾಮಿಯ ಬ್ಯಾಕ್ಟೀರಿಯ ಸಾಕುತ್ತದೆ. ಜೇಡಿಯ ಅನ್ನೋ ಇನ್ನೊಂದು ಕುಲ ಬ್ಯಾಕ್ಟೀರಿಯದ ತಂಟೆಗೇ ಹೋಗಲ್ಲ. ಹಿಂದೆ ಅಪೊಗಾನ್ ಎಲಿಯೋಟಿ ಅಂತ ಕರೆಯುತ್ತಿದ್ದ ಜೇಡಿಯ ಮೀನಿನ ಬೆಳಕಿನ ವಸ್ತುವನ್ನು ಸಿಪ್ರಿಡಿನ ಅನ್ನೋ, ಎರಡು ಮೂರು ಮಿಲಿಮೀಟರ್ ಉದ್ದದ ಚಿಪ್ಪಿನ ಪ್ರಾಣಿಯ ರಸದ ಜೊತೆ ಬೆರೆಸಿದರೆ ಬೆಳಗುತ್ತದೆ ಅಂತ ಜಾನ್ಸನ್, ಹನೇಡ ಮತ್ತು ಸೀ 1960 ರ ಹೊತ್ತಿಗೇ ತೋರಿಸಿದ್ದರು. ಮೀನು ಎಲ್ಲಿ, ಸೀಗಡಿಯ ದೂರದ ನೆಂಟ ಎಲ್ಲಿ! ದಿಬ್ಬದ ಗುಹೆಗಳಲ್ಲಿ ಇರುವ, ಬೇರೆ ಕುಟುಂಬದ ಪ್ಯಾರಪ್ರಯಾಕ್ಯಾಂತಸ್ ಅನ್ನೋ ಮೀನು ಇನ್ನೂ ಮುಂದೆ ಹೋಗಿದೆ. ಅದು ತಾನು ತಿಂದ ಸಿಪ್ರಿಡಿನದಿಂದ ಲೂಸಿಫರಿನ್ ಅನ್ನೋ ಬೆಳಕಿನ ವಸ್ತು ಮಾತ್ರವಲ್ಲ, ಅದನ್ನು ಬೆಳಗಿಸುವ ಲೂಸಿಫರೇಸ್ ಅನ್ನೋ ಪ್ರೋಟೀನನ್ನೂ ಹಾಗೇ ಎತ್ತಿಕೊಂಡು ತನ್ನ ಅಂಗದಲ್ಲಿ ಬಳಸುತ್ತದೆ ಅಂತ 2020 ರಲ್ಲಿ ತಿಳಿಯಿತು. ತಿಂದ ಪ್ರೋಟೀನ್ ಜೀರ್ಣವಾಗಿ ಚೂರಾಗುತ್ತದೆ ಅಂತ ನಾವು ಪಾಠ ಮಾಡುತ್ತೇವೆ. ಇದು ಚೂರಾಗದೆ ಕೆಲಸಕ್ಕೆ ಬರುತ್ತದೆ.

ಫ್ಲಾಶ್‌ಲೈಟ್ ಮೀನುಗಳಲ್ಲಿ, ಅಂದರೆ ಅನೊಮಲೋಪಿಡೆ ಕುಟುಂಬದಲ್ಲಿ, ಎಲ್ಲವೂ ಬೇರೆ. ಅಂಗ ಕಣ್ಣಿನ ಕೆಳಗೆ, ಮುಖದ ಮೇಲೇ. ಕರುಳಿಗೂ ಅದಕ್ಕೂ ಸಂಬಂಧ ಇಲ್ಲ. ಒತ್ತೊತ್ತಾಗಿ ನಿಂತ ನಾಳಗಳು, ನಡುವೆ ರಕ್ತದ ಸಣ್ಣ ನಾಳಗಳು, ಹಿಂದೆ ಕನ್ನಡಿ ಪದರ, ಹೊರಮೈಯಲ್ಲಿ ಸಮುದ್ರಕ್ಕೇ ತೆರೆಯುವ ಸೂಕ್ಷ್ಮ ರಂಧ್ರಗಳು. ಹೊಟ್ಟೆಯ ನಡುಗೆರೆಯಲ್ಲಿ ಗಟ್ಟಿ ಹುರುಪೆಗಳ ಸಾಲು, ಕುಟುಂಬ ಗುರುತಿಸೋಕೆ ಅದೂ ಸಹಾಯ ಮಾಡುತ್ತದೆ. ಇವುಗಳ ಬ್ಯಾಕ್ಟೀರಿಯವನ್ನು ನಮ್ಮ ಅಗರ್ ತಟ್ಟೆಯಲ್ಲಿ ಬೆಳೆಸೋಕೆ ಆಗಲ್ಲ, ಮೀನಿನ ಜೊತೆ ಬದುಕಿ ಬದುಕಿ ಅವುಗಳ ಜೀನೋಮ್ ಕುಗ್ಗಿಹೋಗಿದೆ.

ಮುಚ್ಚುವ ರೀತಿಯಲ್ಲೇ ಇವುಗಳ ಕುಲ ಬೇರೆಯಾಗುತ್ತದೆ. ಫೋಟೋಬ್ಲೆಫರಾನ್ ಅಂಗದ ಕೆಳಗಿನಿಂದ ಕಪ್ಪು ಪೊರೆಯೊಂದನ್ನು ಮೇಲಕ್ಕೆ ಎಳೆದು ಬೆಳಕು ಮುಚ್ಚುತ್ತದೆ. ಅನೊಮಲಾಪ್ಸ್ ಇಡೀ ಅಂಗವನ್ನೇ ಕೆಳಕ್ಕೆ ತಿರುಗಿಸಿ ಕಪ್ಪು ಗುಳಿಯೊಳಗೆ ಇಟ್ಟುಕೊಳ್ಳುತ್ತದೆ. ಕೆರಿಬಿಯನ್ನಿನ ಕ್ರಿಪ್ಟೋಫನರಾನ್‌ನಲ್ಲಿ ಎರಡೂ ಇದೆ. 1988 ರಲ್ಲಿ ಜಾನ್ಸನ್ ಮತ್ತು ರೋಸೆನ್‌ಬ್ಲಾಟ್ ಈ ಮುಚ್ಚುವ ವ್ಯವಸ್ಥೆಯ ಎಲುಬು, ತಂತು, ಸ್ನಾಯು ಬಿಡಿಸಿ ನೋಡಿ ಗುಂಪಿನ ವಿಕಾಸ ಬರೆದರು. ಅಂಗರಚನೆ ಓದೋದು ಹೇಗೆ ಅಂತ ಕಲಿಯೋಕೆ ಅದು ನನ್ನ ಮಟ್ಟಿಗೆ ಒಳ್ಳೆಯ ಮಾದರಿ. ಅನೊಮಲಾಪ್ಸ್ ಕತ್ತಲ ರಾತ್ರಿಗಳಲ್ಲಿ ದೊಡ್ಡ ಗುಂಪಾಗಿ ಮೇಲೆ ಬರುತ್ತದೆ, ನಿಮಿಷಕ್ಕೆ ಸುಮಾರು 90 ಸಲ ಮಿಟುಕಿಸುತ್ತದೆ, ಆಹಾರ ಸಿಕ್ಕಾಗ ಬೆಳಕನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ. ಇಂಡೋನೇಷ್ಯಾದ ಬಂಡಾ ದ್ವೀಪಗಳ ಮೀನುಗಾರರು ಈ ಅಂಗವನ್ನು ಕತ್ತರಿಸಿ ಗಾಳಕ್ಕೆ ಸಿಕ್ಕಿಸುತ್ತಿದ್ದರು, ಮೀನು ಸತ್ತ ಮೇಲೂ ಗಂಟೆಗಟ್ಟಲೆ ಬೆಳಗುತ್ತದೆ ಅಂತ.

ತಮ್ಮ ಊರಿನಲ್ಲಿ ಇದನ್ನು ಮಾಡಬೇಕು ಅನ್ನುವ ಶಿಕ್ಷಕರಿಗೆ ಒಂದೆರಡು ಮಾತು. ಜೂನ್ ಜುಲೈನಲ್ಲಿ ಪ್ರಯತ್ನ ಬೇಡ. ನಮ್ಮ ಕರಾವಳಿಯಲ್ಲಿ ಆಗ ಟ್ರಾಲ್ ಮೀನುಗಾರಿಕೆಗೆ ನಿಷೇಧ ಇರುತ್ತದೆ, ಮಳೆಗೆ ಘಾಟಿಯ ರಸ್ತೆಯೂ ನೆಚ್ಚಿಕೊಳ್ಳುವ ಹಾಗಿಲ್ಲ. ಫಾರ್ಮಲಿನ್‌ಗೆ ಸ್ವಲ್ಪ ಬೋರಾಕ್ಸ್ ಹಾಕಿ, ಇಲ್ಲದಿದ್ದರೆ ಆಮ್ಲವಾಗಿ ಎಲುಬು ಮೆತ್ತಗಾಗುತ್ತದೆ. ಕೆಲವು ದಿನ ಬಿಟ್ಟು ನೀರಿನಲ್ಲಿ ನೆನೆಸಿ 70 ಪರ್ಸೆಂಟ್ ಆಲ್ಕೋಹಾಲ್‌ಗೆ ವರ್ಗಾಯಿಸಿ. ಮುಳ್ಳು ಮತ್ತು ರೆಕ್ಕೆಯ ಕಡ್ಡಿ ಎಣಿಸೋಕೆ ಕಷ್ಟವಾದರೆ ಒಂದೆರಡು ಮೀನಿಗೆ ಅಲಿಜರಿನ್ ಕೆಂಪು ಹಾಕಿ, ಪೊಟ್ಯಾಶ್ ದ್ರಾವಣದಲ್ಲಿ ಮಾಂಸ ತಿಳಿಯಾಗಿಸಿ, ಗ್ಲಿಸರಿನ್‌ನಲ್ಲಿ ಇಡಿ. ಎಲುಬೆಲ್ಲ ಕೆಂಪಾಗಿ ಎದ್ದು ಕಾಣುತ್ತದೆ, ಎಣಿಕೆಯಲ್ಲಿ ಜಗಳವೇ ಬರಲ್ಲ. ಗ್ಲೌಸ್ ಹಾಕಿಕೊಳ್ಳಿ, ಕಿಟಕಿ ತೆರೆದಿರಲಿ.

ಪ್ರತಿ ಬಗೆಯಲ್ಲೂ ಒಂದು ಮೀನನ್ನು ಬೆಳಕಿನ ಅಂಗ ಮುಟ್ಟದೆ ಇಡಿಯಾಗಿ ಜಾರಿಗೆ ಹಾಕಿ. ಎಲ್ಲಿಂದ ಬಂತು, ಯಾವತ್ತು, ಯಾವ ಬಗೆಯ ಬಲೆ ಅಂತ ಪೆನ್ಸಿಲಿನಲ್ಲಿ ದಪ್ಪ ಕಾಗದದ ಚೀಟಿ ಬರೆದು ಜಾರಿನ ಒಳಗೇ ಇಡಿ, ಹೊರಗೆ ಅಂಟಿಸಿದ್ದು ಉದುರುತ್ತದೆ, ಪೆನ್ನಿನ ಶಾಯಿ ಆಲ್ಕೋಹಾಲಿಗೆ ಕರಗುತ್ತದೆ. ಮ್ಯೂಸಿಯಂಗಳಲ್ಲಿ ದಶಕಗಳ ಹಿಂದೆ ಹೀಗೆ ಇಟ್ಟಿದ್ದ ಸಿಫಾಮಿಯ ಮೀನುಗಳ ಅಂಗದಿಂದ 2021 ರಲ್ಲಿ ಪ್ರಕಟವಾದ ಅಧ್ಯಯನವೊಂದಕ್ಕೆ ಬ್ಯಾಕ್ಟೀರಿಯದ ಡಿಎನ್‌ಎ ತೆಗೆದರು, ಬೇರೆ ಬೇರೆ ಪ್ರಭೇದ, ಬೇರೆ ಬೇರೆ ಸಮುದ್ರ, ಆದರೂ ಒಳಗಿದ್ದದ್ದು ಅದೇ ಮಂಡಪಮೆನ್ಸಿಸ್. ಆ ಮೀನುಗಳನ್ನು ಹಿಡಿದು ಚೀಟಿ ಬರೆದಿಟ್ಟವರಿಗೆ ಡಿಎನ್‌ಎ ತೆಗೆಯುವ ಯೋಚನೆಯೇ ಇರಲಿಕ್ಕಿಲ್ಲ. ನಮ್ಮ ಕಾಲೇಜಿನ ಕಪಾಟಿನಲ್ಲಿ ಈಗ ಪೋನಿಫಿಶ್‌ನ ಬೇರೆ ಬೇರೆ ಕುಲಗಳೂ ಮೊಟ್ಟೆ ಬಾಯಲ್ಲಿಟ್ಟುಕೊಂಡ ಆ ಕಾರ್ಡಿನಲ್ ಗಂಡೂ ಇವೆ. ಹುಡುಗರು ಕಟ್ಟುತ್ತಿರುವ ಗುರುತಿನ ಪಟ್ಟಿಯ ಮೊದಲ ಪ್ರಶ್ನೆ, ಬೆನ್ನಿನ ರೆಕ್ಕೆ ಒಂದೋ ಎರಡೋ ಅನ್ನೋದು. ಬೆಳಕಿನ ಪ್ರಶ್ನೆ ಬರೋದು ಬಹಳ ಕೆಳಗೆ.